ಯಾವುದರ ನೂರಕ್ಕೆ, ಎಷ್ಟು ದಿನಕ್ಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ರೈತರಿಗೆ ಶೇಕಡಾ ಲೆಕ್ಕ ಹೊಸದಲ್ಲ. ನೂರು ಕೆ.ಜಿ. ಕಬ್ಬು ಅರೆದರೆ ಎಷ್ಟು ಕೆ.ಜಿ. ಸಕ್ಕರೆ ಬರುತ್ತದೆ ಎಂಬುದಕ್ಕೆ ರಿಕವರಿ ಎನ್ನುತ್ತಾರೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತುಮಾಡಿದ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ 0.1 ಏರಿದಂತೆಲ್ಲ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು. ಈ ದಶಮಾಂಶಕ್ಕಾಗಿ ಕಾರ್ಖಾನೆಯ ಮುಂದೆ ಜಗಳಕ್ಕೆ ನಿಲ್ಲುವವರು ನಮ್ಮವರೇ. ಡೇರಿಯಲ್ಲಿ ಹಾಲಿನ ಫ್ಯಾಟ್, ಮಾರ್ಕೆಟ್ಟಿನಲ್ಲಿ ಸೋಯಾಬೀನ್‌ನ ತೇವಾಂಶ, ಇವೂ ಶೇಕಡಾ ಲೆಕ್ಕವೇ. ಮಾರುವಾಗ ಇಷ್ಟು ಹುಷಾರಾಗಿರುವ ನಾವು ಕೊಳ್ಳುವಾಗ ಮಾತ್ರ ‘ಶೇ 50 ರಿಯಾಯಿತಿ’ ಎಂಬ ಬೋರ್ಡು ನೋಡಿ ಸುಮ್ಮನೆ ಒಳಗೆ ಹೋಗಿಬಿಡುತ್ತೇವೆ.

ಶೇ 1 ಅಂದರೆ ನೂರು ರೂಪಾಯಿಗೆ ಒಂದು ರೂಪಾಯಿ, ಒಂದು ರೂಪಾಯಿಗೆ ಒಂದು ಪೈಸೆ. ಅಷ್ಟೇ. ಆದರೆ ಈ ಸಂಖ್ಯೆ ಒಂದೇ ನಿಂತಾಗ ಅದಕ್ಕೆ ಅರ್ಥವಿಲ್ಲ. ಯಾವ ಮೊತ್ತದ ಮೇಲೆ ಎಂದು ಕೇಳಬೇಕು. ಬಡ್ಡಿಯಾದರೆ ಎಷ್ಟು ದಿನಕ್ಕೆ ಎಂದೂ ಕೇಳಬೇಕು.

ಲೆಕ್ಕ ಬಾಯಲ್ಲೇ ಆಗುತ್ತದೆ. ಮೊದಲು ಶೇ 10 ತೆಗೆಯಿರಿ. 840 ರೂಪಾಯಿಗೆ ಅದು 84. ಅದರ ಅರ್ಧ 42, ಇದು ಶೇ 5. ಎರಡೂ ಕೂಡಿದರೆ ಶೇ 15, ಅಂದರೆ 126 ರೂಪಾಯಿ. ಶೇ 18 ಬೇಕಾದರೆ ಶೇ 20 ತೆಗೆದು ಶೇ 2 ಕಳೆಯಿರಿ. 1,500 ರೂಪಾಯಿಗೆ 300ರಲ್ಲಿ 30 ಕಳೆದರೆ 270. ಇನ್ನೊಂದು ಉಪಾಯವಿದೆ. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದರೂ ಉತ್ತರ ಒಂದೇ. 50 ರೂಪಾಯಿಯ ಶೇ 18 ಎಷ್ಟೆಂದು ತಡಕಾಡುವ ಬದಲು 18ರ ಶೇ 50 ತೆಗೆಯಿರಿ: 9 ರೂಪಾಯಿ.

ಈಗ ಬಟ್ಟೆ ಅಂಗಡಿಗೆ ಬನ್ನಿ. ‘ಶೇ 50, ಅದರ ಮೇಲೆ ಇನ್ನೂ ಶೇ 20’ ಎಂದು ಬರೆದಿರುತ್ತದೆ. ಶೇ 70 ಬಿಟ್ಟರು ಅನ್ನಿಸುತ್ತದೆ. 2,000 ರೂಪಾಯಿಯ ಸೀರೆ ಮೊದಲು 1,000ಕ್ಕೆ ಇಳಿಯುತ್ತದೆ. ಮುಂದಿನ ಶೇ 20 ಆ ಸಾವಿರದ ಮೇಲೆ, ಮೂಲ ಬೆಲೆಯ ಮೇಲಲ್ಲ. ಕೊಡುವುದು 800, ಉಳಿದದ್ದು ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು ಶೇ 50 ಅಲ್ಲ, ಮೂರರಲ್ಲಿ ಒಂದು, ಸುಮಾರು ಶೇ 33. ಅದೂ ಮೂರೂ ನಿಮಗೆ ಬೇಕಿದ್ದರೆ ಮಾತ್ರ. ಬಿಸ್ಕತ್ತಿನ ಪೊಟ್ಟಣದ ಮೇಲೆ ‘ಶೇ 20 ಹೆಚ್ಚು’ ಎಂದಿದ್ದರೆ ಉಳಿತಾಯ ಶೇ 20 ಅಲ್ಲ, ಆರರಲ್ಲಿ ಒಂದು ಪಾಲು, ಶೇ 17ಕ್ಕೂ ಸ್ವಲ್ಪ ಕಡಿಮೆ. ಹಬ್ಬದ ಮುಂಚೆ ಬೆಲೆಯನ್ನು ಶೇ 25 ಏರಿಸಿ ಹಬ್ಬದ ದಿನ ಶೇ 20 ಇಳಿಸಿದರೆ ಬೆಲೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ: 1,000 ಇದ್ದದ್ದು 1,250 ಆಗಿ ಮತ್ತೆ 1,000. ಬೋರ್ಡಿನ ಸಂಖ್ಯೆಗಿಂತ ಕೊನೆಗೆ ಕೊಡುವ ರೂಪಾಯಿ ಎಷ್ಟು, ಅದೇ ವಸ್ತು ಪಕ್ಕದ ಅಂಗಡಿಯಲ್ಲಿ ಎಷ್ಟು ಎಂದು ನೋಡುವುದೇ ಸರಿ. ಸವದತ್ತಿಯ ಎಲ್ಲಮ್ಮನ ಗುಡ್ಡದ ಬಳೆ ಅಂಗಡಿಗಳಲ್ಲಿ ಚೌಕಾಸಿ ಮಾಡುವ ಹೆಣ್ಣುಮಕ್ಕಳು ಮಾಡುವುದು ಇದನ್ನೇ. ಅವರಿಗೆ ಈ ಪಾಠ ಬೇಕಿಲ್ಲ.

ಬಿಲ್ಲಿನ ಕೆಳಗೆ ಜಿಎಸ್‌ಟಿ, ಅಂದರೆ ಸರಕು ಮತ್ತು ಸೇವಾ ತೆರಿಗೆ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ವಸ್ತುಗಳಿಗೆ ಶೇ 5 ಇಲ್ಲವೇ ಶೇ 18 ಎಂಬ ಎರಡೇ ದರ. ಮೈಸೋಪು, ತಲೆಎಣ್ಣೆ, ಟೂತ್‌ಪೇಸ್ಟ್ ಶೇ 18ರಿಂದ ಶೇ 5ಕ್ಕೆ ಇಳಿದವು. ಸಿಮೆಂಟ್ ಮತ್ತು 350 ಸಿಸಿವರೆಗಿನ ಬೈಕ್ ಶೇ 28ರಿಂದ ಶೇ 18ಕ್ಕೆ, ಟ್ರ್ಯಾಕ್ಟರ್ ಶೇ 12ರಿಂದ ಶೇ 5ಕ್ಕೆ ಬಂದವು. ಹಾಗಾದರೆ ಸೋಪಿನ ಬೆಲೆ ಶೇ 13 ಇಳಿಯಬೇಕಲ್ಲವೇ ಎಂದು ಕೇಳಬಹುದು. ಇಲ್ಲ. ತೆರಿಗೆ ಹೇರುವುದು ತೆರಿಗೆ ಇಲ್ಲದ ಬೆಲೆಯ ಮೇಲೆ. 100 ರೂಪಾಯಿಯ ಸರಕು ಮೊದಲು 118, ಈಗ 105. 118ರಲ್ಲಿ 13 ರೂಪಾಯಿ ಇಳಿದರೆ ಅದು ಸುಮಾರು ಶೇ 11. ಬೈಕಿಗೆ 128 ಇದ್ದದ್ದು 118, ಇಳಿಕೆ ಶೇ 8ರ ಒಳಗೆ. 1,180 ರೂಪಾಯಿಯ ಬಿಲ್ಲಿನಲ್ಲಿ ಶೇ 18 ತೆರಿಗೆ ಎಷ್ಟು ಸೇರಿದೆ ಎಂದು ತಿಳಿಯಲು 1,180ನ್ನು 118ರಿಂದ ಭಾಗಿಸಿ 18ರಿಂದ ಗುಣಿಸಿ: 180 ರೂಪಾಯಿ.

ರೆಡಿಮೇಡ್ ಬಟ್ಟೆಗೆ ಒಂದು ಗೆರೆ ಇದೆ. ಒಂದು ತುಂಡಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ಶೇ 5, ಮೀರಿದರೆ ಪೂರ್ತಿ ಬೆಲೆಗೆ ಶೇ 18. 2,500 ರೂಪಾಯಿಯ ಕೋಟ್‌ಗೆ ತೆರಿಗೆ ಸೇರಿ 2,625. 2,600 ರೂಪಾಯಿಯ ಕೋಟ್‌ಗೆ 3,068. ನೂರು ರೂಪಾಯಿ ಹೆಚ್ಚಿನ ಬಟ್ಟೆಗೆ ಕೈಯಿಂದ 443 ರೂಪಾಯಿ ಹೆಚ್ಚು ಹೋಗುತ್ತದೆ. ಮದುವೆ ಬಟ್ಟೆ ತರುವಾಗ ಇದು ನೆನಪಿರಲಿ. ಬಿಡಿಯಾಗಿ ತೂಗಿ ಕೊಡುವ ಜೋಳಕ್ಕೆ ಜಿಎಸ್‌ಟಿ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಚೀಲಕ್ಕೆ ಶೇ 5 ಇದೆ. ಎಂಆರ್‌ಪಿ, ಅಂದರೆ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. ಬಿಲ್ಲಿನ ಮೇಲೆ ಕಾಂಪೊಸಿಷನ್ ಎಂದಿದ್ದರೆ ಆ ಅಂಗಡಿ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಲ್ಲಿದೆ ಎಂದರ್ಥ. ಅವರು ಗ್ರಾಹಕರಿಂದ ಪ್ರತ್ಯೇಕ ತೆರಿಗೆ ವಸೂಲು ಮಾಡುವಂತಿಲ್ಲ.

ಶೇಕಡಾ ಹೆಚ್ಚು ಅಡಗಿರುವುದು ಬಂಗಾರದ ಅಂಗಡಿಯಲ್ಲಿ. 22 ಕ್ಯಾರೆಟ್ ಬಂಗಾರದ ಮೇಲಿನ 916 ಎಂಬ ಗುರುತೇ ಒಂದು ಶೇಕಡಾ: ನೂರಕ್ಕೆ 91.6 ಪಾಲು ಶುದ್ಧ. 750 ಎಂದಿದ್ದರೆ 18 ಕ್ಯಾರೆಟ್, ಶೇ 75. ಬಿಲ್ಲಿನಲ್ಲಿ ಬಂಗಾರದ ಬೆಲೆಯ ಮೇಲೆ ವೇಸ್ಟೇಜ್, ಅಂದರೆ ಮಾಡುವಾಗ ಆಗುವ ಸವಕಳಿ, ಮತ್ತು ಮಜೂರಿ ಕೂಡುತ್ತವೆ. ಈ ಎಲ್ಲ ಸೇರಿದ ಮೊತ್ತದ ಮೇಲೆ ಶೇ 3 ಜಿಎಸ್‌ಟಿ. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ಹಿಡಿಯೋಣ. ಹತ್ತು ಗ್ರಾಂ ಬೋರಮಾಳಕ್ಕೆ ಒಂದು ಲಕ್ಷ. ವೇಸ್ಟೇಜ್ ಶೇ 8, ಮಜೂರಿ ಶೇ 6 ಆದರೆ 14,000. ಒಟ್ಟು 1,14,000, ಅದರ ಶೇ 3 ಅಂದರೆ 3,420. ಕೊಡಬೇಕಾದದ್ದು 1,17,420.

ಈಗ ‘ಮಜೂರಿ, ವೇಸ್ಟೇಜ್ ಮೇಲೆ ಶೇ 50 ರಿಯಾಯಿತಿ’ ಎಂಬ ಜಾಹೀರಾತು ನೋಡಿ. ಆ ಐವತ್ತು 14,000ದ ಮೇಲೆ. ತೆರಿಗೆಯೂ ಸೇರಿ ಉಳಿಯುವುದು 7,210 ರೂಪಾಯಿ, ಇಡೀ ಬಿಲ್ಲಿನ ಸುಮಾರು ಶೇ 6. ಸುಳ್ಳೇನಲ್ಲ, ಆದರೆ ಐವತ್ತೂ ಅಲ್ಲ. ಪಕ್ಕದ ಅಂಗಡಿ ರಿಯಾಯಿತಿ ಇಲ್ಲದೆಯೇ ಎರಡೂ ಸೇರಿಸಿ ಶೇ 7 ಹಾಕುತ್ತಿದ್ದರೆ ಎರಡೂ ಒಂದೇ. ಹರಳು ಕೂಡಿಸಿದ ಒಡವೆಯಾದರೆ ಹರಳಿನ ತೂಕವನ್ನು ಬೇರೆ ಬರೆಸಿ. ಇಲ್ಲದಿದ್ದರೆ ಕಲ್ಲಿಗೂ ಬಂಗಾರದ ದರ, ಅದರ ಮೇಲೆ ಶೇ 8, ಶೇ 6, ಶೇ 3 ಎಲ್ಲವೂ ಬೀಳುತ್ತದೆ.

ಬಡ್ಡಿಯ ಮಾತೇ ಬೇರೆ. ‘ನೂರಕ್ಕ ಎರಡ ರೂಪಾಯಿ, ಭಾಳ ಏನಿಲ್ಲೋ ತಮ್ಮಾ’ ಎಂದು ಕೈಸಾಲ ಕೊಡುವವರು ಹೇಳುತ್ತಾರೆ. ನಮ್ಮ ಕಡೆ ಆ ಎರಡು ತಿಂಗಳಿಗೆ, ಬ್ಯಾಂಕಿನ ಶೇಕಡಾ ವರ್ಷಕ್ಕೆ. ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ 24. 50,000 ರೂಪಾಯಿಗೆ ವರ್ಷಕ್ಕೆ 12,000 ಬಡ್ಡಿ, ಅಸಲು ಹಾಗೇ ಕೂತಿರುತ್ತದೆ. ಮೂರು ತಿಂಗಳ ಬಡ್ಡಿ ಮುಂಚೆಯೇ ಹಿಡಿದುಕೊಂಡು 10,000ದ ಬದಲು 9,400 ಕೈಗಿಟ್ಟರೆ ದರ ಇನ್ನೂ ಏರುತ್ತದೆ: 9,400ಕ್ಕೆ 600, ವರ್ಷದ ಲೆಕ್ಕಕ್ಕೆ ಶೇ 25 ಮೀರುತ್ತದೆ. ಕರ್ನಾಟಕ ಲೇವಾದೇವಿದಾರರ ಕಾಯ್ದೆ 1961ರಡಿ ಸರ್ಕಾರ ಗೊತ್ತುಪಡಿಸಿದ ಮಿತಿ ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆ ಇಲ್ಲದ್ದಕ್ಕೆ ಶೇ 16. ತಿಂಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು 1.17 ಮತ್ತು 1.33 ರೂಪಾಯಿ.

ಬೈಕು, ಮೊಬೈಲು ಕಂತಿನಲ್ಲಿ ಕೊಳ್ಳುವಾಗ ಇನ್ನೊಂದು ಸಂದೇಹ ಬರುತ್ತದೆ. ‘ಫ್ಲಾಟ್ ಶೇ 12’ ಎಂದರೆ ಕಡಿಮೆಯಲ್ಲವೇ? 60,000 ಸಾಲಕ್ಕೆ ಒಂದು ವರ್ಷದ ಬಡ್ಡಿ 7,200, ತಿಂಗಳ ಕಂತು 5,600. ಆದರೆ ಆರು ತಿಂಗಳಾಗುವಷ್ಟರಲ್ಲಿ ಅಸಲಿನ ಅರ್ಧದಷ್ಟು ತೀರಿರುತ್ತದೆ. ಬಡ್ಡಿ ಮಾತ್ರ ಪೂರ್ತಿ 60,000ಕ್ಕೆ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ 21.5. ಬ್ಯಾಂಕು ಹೇಳುವ ಶೇ 14 ಇದಕ್ಕಿಂತ ಎಷ್ಟೋ ಅಗ್ಗ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲಕ್ಕೆ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯ ವಿವರಗಳ ಹಾಳೆ ಕೊಡಬೇಕು, ಅದೂ ಸಾಲ ಪಡೆಯುವವರಿಗೆ ತಿಳಿಯುವ ಭಾಷೆಯಲ್ಲಿ. ಅದರಲ್ಲಿ ‘ಎಪಿಆರ್’ ಎಂಬ ಸಂಖ್ಯೆ ಹುಡುಕಿ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಎಲ್ಲ ಸೇರಿದ ವರ್ಷದ ನಿಜವಾದ ದರ ಅದು. ಎರಡು ಸಾಲ ಹೋಲಿಸಲು ಈ ಒಂದು ಸಂಖ್ಯೆ ಸಾಕು.

ಬಿತ್ತನೆಗೆ ಹಣ ಬೇಕಿದ್ದರೆ ಕೈಸಾಲಕ್ಕೆ ಮುಂಚೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಅಂದರೆ ಪಿಕೆಪಿಎಸ್‌ನಲ್ಲಿ ವಿಚಾರಿಸಿ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗಿನ ಬೆಳೆ ಸಾಲ, ಹೊತ್ತಿಗೆ ತುಂಬಿದರೆ, ಶೂನ್ಯ ಬಡ್ಡಿಗೆ ಸಿಗುತ್ತದೆ. ಲೇವಾದೇವಿದಾರರು ಮಿತಿ ಮೀರಿದರೆ ದೂರು ಕೊಡಬೇಕಾದದ್ದು ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ.

ಒಡವೆ ಪರೀಕ್ಷಿಸಲು ದುಡ್ಡು ಬೇಕಿಲ್ಲ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಶುದ್ಧತೆ ತೋರಿಸುತ್ತದೆ. ಎರಡು ಗ್ರಾಂಗಿಂತ ಹಗುರ ವಸ್ತುಗಳಿಗೆ, ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟಿರುವ ಸಣ್ಣ ಅಂಗಡಿಗಳಿಗೆ ವಿನಾಯಿತಿ ಇದೆ. ಎಂಆರ್‌ಪಿ ಮೀರಿದರೆ, ಬಿಲ್ಲಿನಲ್ಲಿ ತೆರಿಗೆ ತಪ್ಪಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಂಡದ್ದು 5 ಲಕ್ಷ ರೂಪಾಯಿವರೆಗಿನದಾದರೆ ಅರ್ಜಿಗೆ ಶುಲ್ಕವಿಲ್ಲ. ಆದರೆ ಬಿಲ್ಲು ಇಲ್ಲದೆ ಹೋದರೆ ದೂರು ನಿಲ್ಲುವುದು ಕಷ್ಟ. ‘ಬಿಲ್ ಬೇಡ ಅಂದ್ರ ಶೇ 3 ಉಳೀತದ’ ಎಂದು ಅಂಗಡಿಯವರು ಹೇಳಿದಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.