ಸ್ಟೆಪ್ನಿ ಹಾಕಲು ಗಂಡಸೇ ಬೇಕೇನು?

ಇಜೇರಿ: ಜೇವರ್ಗಿ ಕಡೆ ಹೊರಟ ಕಾರು ನಡುದಾರಿಯಲ್ಲಿ ಪಂಕ್ಚರ್ ಆಗಿ ನಿಂತಿದೆ ಎಂದಿಟ್ಟುಕೊಳ್ಳಿ. ಓಡಿಸುತ್ತಿದ್ದವಳು ಹೆಣ್ಣುಮಗಳು. ಬಸ್ಸಿನ ಕಿಟಕಿಯಿಂದ ಇಣುಕುವವರ ಮೊದಲ ಪ್ರಶ್ನೆ ಏನಿರುತ್ತದೆ? "ಯಾಕವ್ವಾ, ಜೋಡಿ ಗಂಡಸರು ಯಾರೂ ಇಲ್ಲೇನು?" ಡಿಕ್ಕಿಯಲ್ಲಿ ಸ್ಟೆಪ್ನಿ ಅದ, ಜಾಕ್ ಅದ, ಪಾನಾ ಅದ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ!

ಹೆಣ್ಣುಮಕ್ಕಳು ಗಾಡಿ ಓಡಿಸುವುದು ಈಗ ಸುದ್ದಿಯಲ್ಲ. ಲೈಸೆನ್ಸ್ ಕೈಗೆ ಬರುತ್ತದೆ, ಆದರೆ ಬಾನೆಟ್ ಎತ್ತಿ ತೋರಿಸುವವರಿಲ್ಲ. (ಗಂಡಸರೂ ಬಹಳ ಮಂದಿ ಕಲಿತಿಲ್ಲ, ಆ ಮಾತು ಬೇರೆ.)

ಮೋಟಾರಿನ ಚರಿತ್ರೆ ನೋಡಿದರೆ ಇದು ತಮಾಷೆಯೇ ಸರಿ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡನಿಗೂ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ನೂರು ಕಿಲೋಮೀಟರಿಗೂ ಮಿಕ್ಕಿ ಕಾರು ಓಡಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿತು. ಟೋಪಿಯ ಪಿನ್ನು ತೂರಿಸಿ ಬಿಡಿಸಿದಳು. ಬ್ರೇಕು ಸವೆಯಿತು, ಚಮ್ಮಾರನ ಕಡೆ ಚರ್ಮ ಹೊಡೆಸಿದಳು. ಅಷ್ಟು ದೂರ ಬೇಡ, ನಮ್ಮ ಶಿಗ್ಗಾವಿಯ ಸುಧಾ ಕುಲಕರ್ಣಿ, ಇಂದಿನ ಸುಧಾ ಮೂರ್ತಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವರು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಗೀಚಿದರು. ಲಾರಿ ತಯಾರಿಸುವ ಕಂಪನಿಯೊಳಗೆ ಹೋಗಿ ಇಂಜಿನಿಯರ್ ಆದರು.

ಇನ್ನು ನಮ್ಮ ದಾರಿಯ ಮಾತು. ಇಲ್ಲಿಯದು ಎರಿ ಮಣ್ಣು. ರಸ್ತೆ ಬಿಟ್ಟು ಬದಿಗೆ ಇಳಿದರೆ, ಅದೂ ಮಳೆ ಬಿದ್ದಾಗ, ಜಾಕ್ ನೆಲಕ್ಕೆ ಹುದುಗುತ್ತದೆ, ಕಾರು ಜಾರುತ್ತದೆ. ಕೈ ಹೋಯಿತೆಂದರೆ ಹೋಯಿತು! ಗಟ್ಟಿ ನೆಲ ಸಿಗದಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಹಾಕಬೇಕು. ಹ್ಯಾಂಡ್ ಬ್ರೇಕ್ ಎಳೆದು, ಬೇರೆ ಚಕ್ರಗಳಿಗೆ ಕಲ್ಲು ಕೊಡಬೇಕು. ನಟ್ಟು ಸಡಿಲಿಸುವುದು ಚಕ್ರ ನೆಲದ ಮೇಲಿದ್ದಾಗಲೇ; ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಡಿಯೇ ಅಲುಗಾಡುತ್ತದೆ. ಪಾನಾ ತಿರುಗದಿದ್ದರೆ ಅದರ ತುದಿಯ ಮೇಲೆ ಕಾಲಿಟ್ಟು ಮೈಭಾರ ಹಾಕಿದರಾಯಿತು, ಪೈಲ್ವಾನರೇ ಬೇಕಿಲ್ಲ. ಬಿಗಿಯುವಾಗ ಎದುರುಬದುರಿನ ನಟ್ಟು. ಜಾಕಿನ ಮೇಲಿದ್ದ ಗಾಡಿಯ ಕೆಳಗೆ ಮಾತ್ರ ಯಾರೂ ತೂರಬಾರದು.

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ ಇದು. ಇಂಜಿನ್ ಕಾದು ಹೊಗೆಯಾಡಿತೆಂದು ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಆರುವತನಕ ನೆರಳಲ್ಲಿ ಕೂಡುವುದೇ ಲೇಸು. ಆಯಿಲ್ ನೋಡುವುದು ಗಾಡಿ ಸಪಾಟು ನೆಲದಲ್ಲಿ ನಿಂತಾಗ, ಗಾಳಿ ನೋಡುವುದು ಟೈರು ತಣ್ಣಗಿದ್ದಾಗ.

ಇಷ್ಟು ಕಲಿಯಲು ಕಾಲೇಜು ಬೇಡ, ಒಂದು ಮುಂಜಾನೆ ಅಂಗಳದಲ್ಲಿ ಸಾಕು. ಹೊರಡುವ ಮುಂಚೆ ಸ್ಟೆಪ್ನಿಯಲ್ಲಿ ಗಾಳಿ ಅದನೋ ಇಲ್ಲೋ ಅಲ್ಲೇ ನೋಡಿಕೊಳ್ಳಬೇಕು. ಎಷ್ಟೋ ಗಾಡಿಗಳಲ್ಲಿ ಮೊದಲು ಪಂಕ್ಚರ್ ಆಗಿರುವುದೇ ಅದು!