ಅಂತರಜಾಲದ ಬಾಗಿಲಿಗೆ ಎಷ್ಟು ಬೀಗ?

ನಿಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕುವೆಂಪು ಅವರ ‘ಜಲಗಾರ’ ನಾಟಕ ಆಡುತ್ತೀರಿ ಎಂದುಕೊಳ್ಳಿ. ಶಿವಮೊಗ್ಗದ ಕುವೆಂಪು ರಂಗಮಂದಿರವೇ ಆಗಲಿ, ಭದ್ರಾವತಿಯ ಯಾವುದೋ ಶಾಲೆಯ ಅಂಗಳವೇ ಆಗಲಿ. ಆಡುವವರು ವಿದ್ಯಾರ್ಥಿಗಳು, ನೋಡುವವರು ಸಹಪಾಠಿಗಳು, ಅಧ್ಯಾಪಕರು, ತಂದೆತಾಯಿಗಳು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ನಾಟಕವನ್ನು ಗೆಳೆಯನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸಿ ಅಂತರಜಾಲಕ್ಕೆ ಹಾಕಿದರೆ? ಆಗ ಅಪ್ಪಣೆ ಬೇಕು! ನಾಟಕ ಅದೇ, ನಟರೂ ಅವರೇ. ಬದಲಾದದ್ದು ನೋಡುಗರ ವ್ಯಾಪ್ತಿ ಮಾತ್ರ.

ಏಕೆ ಹೀಗೆ? ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಲೇಖಕ ಬದುಕಿರುವವರೆಗೆ ಮತ್ತು ಆತನ ಮರಣಾನಂತರ 60 ವರ್ಷ ಕೃತಿಯ ಮೇಲಿನ ಹಕ್ಕು ಅವನಿಗೆ ಅಥವಾ ಅವನ ವಾರಸುದಾರರಿಗೆ ಸೇರುತ್ತದೆ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ ಅದನ್ನು 60ಕ್ಕೆ ಏರಿಸಿದರು. ತಿದ್ದುಪಡಿ ಬಂದದ್ದು 1992ರಲ್ಲಿ. ಕುವೆಂಪು ನಿಧನರಾದದ್ದು 1994ರಲ್ಲಿ. ಲೆಕ್ಕ ಹಾಕಿ: 2054ರ ಕೊನೆಯವರೆಗೆ ಹಕ್ಕು ಜೀವಂತ.

ಆದರೆ ಇದೇ ಕಾಯಿದೆ 52ನೇ ಕಲಮಿನಲ್ಲಿ ಸಾರ್ವಜನಿಕರಿಗಾಗಿ ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಸ್ವಂತ ಅಧ್ಯಯನ, ವಿಮರ್ಶೆ, ಸುದ್ದಿಯ ವರದಿ, ತರಗತಿಯ ಪಾಠ, ಮದುವೆ ಮೆರವಣಿಗೆಯ ಹಾಡು, ಕಾಲೇಜಿನ ನಾಟಕ ಎಲ್ಲಕ್ಕೂ ಅಲ್ಲಿ ವಿನಾಯಿತಿ ಇದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಪ್ರಕರಣ 2009ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗಲೂ ನ್ಯಾಯಾಲಯ ಶಿಕ್ಷಣ ಸಂಸ್ಥೆಗಳಿಗಿರುವ ಈ ವಿನಾಯಿತಿಯನ್ನು ಎತ್ತಿ ಹೇಳಿತು. ಕಾಲೇಜಿನ ನಾಟಕಕ್ಕೆ ಒಂದೇ ಷರತ್ತು: ನೋಡುಗರು ಸಂಸ್ಥೆಯವರು, ವಿದ್ಯಾರ್ಥಿಗಳು, ಪೋಷಕರು ಮುಂತಾಗಿ ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಾಗಿರಬೇಕು. ಅಂತರಜಾಲದಲ್ಲಿ ಈ ಷರತ್ತು ತಾನಾಗಿಯೇ ಮುರಿದುಬೀಳುತ್ತದೆ.

ಇದು ಕಾಗದದ ಕಾಲದ ಕಾಯಿದೆ. ಭದ್ರಾವತಿಯವರಿಗೆ ಇದನ್ನು ವಿವರಿಸಬೇಕಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಊರವರ ಬಾಯಲ್ಲಿ ಎಂಪಿಎಂ, ಕಾಗದ ಹೊರತರುತ್ತಿದ್ದ ದಿನಗಳಲ್ಲಿ ಕಳ್ಳ ಪ್ರತಿ ಮಾಡುವವನಿಗೆ ರೀಮುಗಟ್ಟಲೆ ಕಾಗದ, ಮುದ್ರಣ ಯಂತ್ರ, ಗೋದಾಮು ಎಲ್ಲ ಬೇಕಿತ್ತು. ಓದುಗನ ಮೇಲೆ ಕಾನೂನಿನ ಕಣ್ಣು ಬೀಳುತ್ತಿರಲಿಲ್ಲ. ಈಗ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ಓದು ಪರದೆಗೆ ಬಂತು. ಪರದೆಯ ಮೇಲೆ ಒಂದು ಪುಟ ಕಾಣಬೇಕಾದರೆ ಅದರ ಪ್ರತಿ ನಿಮ್ಮ ಯಂತ್ರದ ಸ್ಮರಣಕೋಶದಲ್ಲಿ ಮೂಡಲೇಬೇಕು. ಅಂದರೆ ಅಂತರಜಾಲದಲ್ಲಿ ನೋಡುವುದೂ ಒಂದು ಬಗೆಯಲ್ಲಿ ಪ್ರತಿ ಮಾಡುವುದೇ. ಇಂಥ ಕ್ಷಣಿಕ ಪ್ರತಿಗಳಿಗೆ ರಕ್ಷಣೆ ಕೊಡಲು 2012ರಲ್ಲಿ ಕಾಯಿದೆಯನ್ನು ತಿದ್ದಬೇಕಾಯಿತು.

ಮರುವರ್ಷ ಬಂದ ನಿಯಮಗಳನ್ನು ಗಮನಿಸಿ. ತನ್ನ ಕೃತಿ ಕದ್ದಿದ್ದಾರೆಂದು ಹಕ್ಕುದಾರ ಲಿಖಿತ ದೂರು ಕೊಟ್ಟರೆ, ಅದು ಸರಿಯೆನಿಸಿದಾಗ ಜಾಲತಾಣದವರು 36 ಗಂಟೆಗಳೊಳಗೆ ಅದನ್ನು ಮರೆಮಾಡಬೇಕು. 21 ದಿನಗಳೊಳಗೆ ದೂರುದಾರ ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೋರಿಸಬಹುದು. ಇದು 52ನೇ ಕಲಮಿನಡಿ ಬರುವುದಿಲ್ಲವೆಂದು ತೋರಿಸಬೇಕಾದವನು ದೂರುದಾರನೇ, ನಿಜ. ಆದರೆ ವಿಡಿಯೋ ಹಾಕಿದವರನ್ನು ಕರೆದು ‘ನಿಮ್ಮದೇನು ಸಮಜಾಯಿಷಿ?’ ಎಂದು ಕೇಳುವ ಹಂತ ಈ ನಿಯಮದಲ್ಲಿಲ್ಲ. ಚುನಾವಣೆಗೆ ವಾರವಿದ್ದಾಗ ಹಾಕಿದ ವಿಡಿಯೋ 21 ದಿನ ಕಳೆದ ಮೇಲೆ ಮರಳಿ ಬಂದು ಏನು ಪ್ರಯೋಜನ?

ಇಡೀ ತಾಣಕ್ಕೇ ಬೀಗ ಬಿದ್ದದ್ದೂ ಉಂಟು. 2012ರಲ್ಲಿ ‘3’ ಎಂಬ ತಮಿಳು ಚಿತ್ರ ಮತ್ತು ‘ದಮ್ಮು’ ಎಂಬ ತೆಲುಗು ಚಿತ್ರದ ಕಳ್ಳ ಪ್ರತಿ ತಡೆಯಲು ಮದರಾಸು ಹೈಕೋರ್ಟು ಅನಾಮಿಕರ ವಿರುದ್ಧ ಆದೇಶ ನೀಡಿತು. ಅಂತರಜಾಲ ಕಂಪನಿಗಳು ಆ ಚಿತ್ರಗಳ ಕೊಂಡಿಗಳನ್ನಷ್ಟೇ ತಡೆಯದೆ ವಿಮಿಯೋದಂಥ ತಾಣಗಳನ್ನೇ ಮುಚ್ಚಿದವು. ಎರಡು ಸಿನಿಮಾಗಳಿಗಾಗಿ ಸ್ವಂತ ಕಿರುಚಿತ್ರ ಮಾಡಿ ಹಾಕಿದ್ದವರೂ ಕತ್ತಲಾದರು. ನಿರ್ದಿಷ್ಟ ವಿಳಾಸಗಳನ್ನು ಮಾತ್ರ ತಡೆಯಬೇಕೆಂದು ಜೂನ್‌ನಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಬೇಕಾಯಿತು.

ನಮ್ಮ ರಾಜ್ಯದ ಮಾತು ಇನ್ನೂ ಗಂಭೀರ. 1985ರ ಕಾಯಿದೆಯೊಂದಿದೆ, ಜನ ಅದನ್ನು ಗೂಂಡಾ ಕಾಯಿದೆ ಎನ್ನುತ್ತಾರೆ. 2014ರಲ್ಲಿ ಕರ್ನಾಟಕದ ಶಾಸಕಾಂಗ ಅದರೊಳಗೆ ‘ಡಿಜಿಟಲ್ ಅಪರಾಧಿ’ಯನ್ನು ಸೇರಿಸಿತು. ವಾಣಿಜ್ಯ ಉದ್ದೇಶಕ್ಕಾಗಿ ಗೊತ್ತಿದ್ದೂ ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶ ಮೊದಲಾದವುಗಳ ಕೃತಿಸ್ವಾಮ್ಯ ಮುರಿಯುವವರು ಈ ಗುಂಪಿಗೆ ಬರುತ್ತಾರೆ. ಈ ಕಾಯಿದೆಯಡಿ ಬಂಧನ ಎಂಬುದು ಅಪರಾಧ ಸಾಬೀತಾದ ಮೇಲೆ ಕೊಡುವ ಶಿಕ್ಷೆಯಲ್ಲ, ಮುಂದೆ ತಪ್ಪು ಮಾಡದಂತೆ ಮೊದಲೇ ಹಿಡಿದಿಡುವುದು. ಸಲಹಾ ಮಂಡಳಿ ಪರಿಶೀಲಿಸುತ್ತದೆ. ಆದರೆ ವಿಚಾರಣೆಯಿಲ್ಲದೆ 1 ವರ್ಷದವರೆಗೆ ಒಳಗಿಡಬಹುದು.

‘ವಾಣಿಜ್ಯ ಉದ್ದೇಶ’ ಎಂದಿದೆಯಲ್ಲ, ವಿದ್ಯಾರ್ಥಿಗಳಿಗೇನು ಭಯ ಎನ್ನಬಹುದು. ಸಿನಿಮಾ ವಿಮರ್ಶೆ ಮಾಡುವ ನಿಮ್ಮ ವಿಡಿಯೋ ಚಾನೆಲ್ಲಿಗೆ ಜಾಹೀರಾತಿನಿಂದ ತಿಂಗಳಿಗೆ ನಾಲ್ಕು ಕಾಸು ಬಂದರೆ ಅದು ವಾಣಿಜ್ಯವೋ ಅಲ್ಲವೋ? ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಪಠ್ಯಭಾಗಗಳ ಪ್ರತಿ ಮಾಡಿ ಮಾರುವುದು ತಪ್ಪೇ ಎಂಬ ಪ್ರಶ್ನೆ 2012ರಲ್ಲಿ ಹೈಕೋರ್ಟಿಗೆ ಹೋಗಿ, ಬೋಧನೆಗಾಗಿಯಾದರೆ ತಪ್ಪಲ್ಲವೆಂಬ ಉತ್ತರ ಬಂದದ್ದು 2016ರಲ್ಲಿ. ನ್ಯಾಯಮೂರ್ತಿಗಳೇ ನಾಲ್ಕು ವರ್ಷ ತೂಗಿನೋಡಿದ ಸಂಗತಿಯನ್ನು ಮುಂಜಾಗ್ರತಾ ಬಂಧನದ ಕಾಯಿದೆಯೊಳಗೆ ಹಾಕಿದ್ದು ಸರಿಯೆಂದು ನನಗಂತೂ ಅನ್ನಿಸುವುದಿಲ್ಲ. ಕಳ್ಳ ಪ್ರತಿಗಳಿಂದ ಗಾಯಕರ, ತಂತ್ರಜ್ಞರ ಅನ್ನಕ್ಕೆ ಕಲ್ಲು ಬೀಳುತ್ತದೆ, ಅದನ್ನು ನಮ್ಮ ವೃತ್ತಿಯವರು ಬಲ್ಲೆವು. ಅದಕ್ಕೆ ಕೃತಿಸ್ವಾಮ್ಯ ಕಾಯಿದೆಯಲ್ಲೇ ಮೂರು ವರ್ಷದವರೆಗೆ ಸೆರೆವಾಸವಿದೆ, ನ್ಯಾಯಾಲಯದ ವಿಚಾರಣೆಯ ನಂತರ.

ಇನ್ನು ಯಂತ್ರದ ಬೀಗ. ಶಿವಮೊಗ್ಗದ ಪಕ್ಕದಲ್ಲಿ ತುಂಗೆಯ ಎರಡು ದಡಗಳಲ್ಲಿ ಮತ್ತೂರು, ಹೊಸಹಳ್ಳಿಗಳಿವೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸ 15ನೇ ಶತಮಾನದವನು, ಅವನ ಕಾವ್ಯ ಎಲ್ಲರದು. ರಾಗಗಳೂ ಎಲ್ಲರವು. ಆದರೆ ಒಬ್ಬ ಗಮಕಿ ಹಾಡಿದ್ದರ ಮೇಲೆ ಕಲಾವಿದನ ಹಕ್ಕು 50 ವರ್ಷ, ಪ್ರಕಟವಾದ ಧ್ವನಿಮುದ್ರಣದ ಮೇಲೆ ಹಕ್ಕು 60 ವರ್ಷ ಇರುತ್ತದೆ. ದೊಡ್ಡ ವಿಡಿಯೋ ತಾಣಗಳ ಯಂತ್ರಗಳು ಧ್ವನಿಯನ್ನು ಕ್ಷಣಕ್ಷಣಕ್ಕೆ ಕತ್ತರಿಸಿ, ಯಾವ ಕಂಪನಾಂಕ ಎಷ್ಟು ಜೋರಾಗಿದೆ ಎಂದು ಅಳೆದು, ಬೆರಳಚ್ಚಿನಂಥ ಗುರುತು ಮಾಡಿ ಸಂಗ್ರಹದೊಂದಿಗೆ ಹೋಲಿಸುತ್ತವೆ. ಹೋಲಿಕೆ ಅಳೆಯುವುದು ಭೌತಶಾಸ್ತ್ರ. ಇದು ವಿಮರ್ಶೆಯೋ, ಪಾಠವೋ, ಕಳವೋ ಎಂದು ತಿಳಿಯಲು ಉದ್ದೇಶ ಅರಿಯಬೇಕು. ಕಂಪನಾಂಕದಲ್ಲಿ ಉದ್ದೇಶ ಕಾಣುವುದಿಲ್ಲ. ಐರೋಪ್ಯ ಒಕ್ಕೂಟ 2019ರಲ್ಲಿ ತಂದ ನಿರ್ದೇಶನ ತಾಣಗಳನ್ನು ಇಂಥ ಜರಡಿಯತ್ತ ದೂಡುತ್ತದೆಂದು ಅಲ್ಲಿ ಭಾರಿ ಪ್ರತಿಭಟನೆ ನಡೆಯಿತು. ನಮ್ಮಲ್ಲಿ, 2016ರ ಮೈಸ್ಪೇಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ನಿರ್ದಿಷ್ಟ ಕೃತಿಯ ಬಗ್ಗೆ ಖಚಿತ ಮಾಹಿತಿ ಇಲ್ಲದಿದ್ದಾಗ ತಾಣವನ್ನು ಹೊಣೆ ಮಾಡಲಾಗದೆಂದಿತು. ಕಂಪನಿಗಳು ತಾವಾಗಿ ಜರಡಿ ಹಿಡಿಯುವುದನ್ನು ಆ ತೀರ್ಪು ತಡೆಯುವುದಿಲ್ಲ.

ಬೀಗ ತೆಗೆದವರೂ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು, ನಿರಂಜನರ ಕುಟುಂಬ ಅವರ ಪುಸ್ತಕಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟವು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಬರಹಗಳು 2007ರಿಂದ ಎಲ್ಲರವು. ಇವನ್ನು ನೀವು ಓದಿ, ಆಡಿ, ಹಾಡಿ ಅಂತರಜಾಲಕ್ಕೆ ಹಾಕಬಹುದು. ‘ಜಲಗಾರ’ವನ್ನು ಹಾಕಬೇಕೆಂದಿದ್ದರೆ, ಪರದೆ ಏಳುವ ಮೊದಲೇ ಹಕ್ಕುದಾರರಿಗೊಂದು ಪತ್ರ ಬರೆಯಿರಿ. ನಿಮ್ಮದೇ ವಿಡಿಯೋ ಮಾಯವಾದರೆ, ಯಾರ ದೂರು, ಯಾವ ಭಾಗ ಎಂದು ತಾಣದವರನ್ನು ಬರಹದಲ್ಲಿ ಕೇಳಿ, 52ನೇ ಕಲಮಿನ ಯಾವ ವಿನಾಯಿತಿ ನಿಮಗೆ ಅನ್ವಯಿಸುತ್ತದೆಂದು ತಿಳಿಸಿ, 21 ದಿನ ಎಣಿಸಿ.