ತಂತಿಗೆ ಕಟ್ಟುಬಿದ್ದ ಬಸ್ಸು

ಬಿ.ಸಿ.ರೋಡಿನ ಬಸ್ಸು ನಿಲ್ದಾಣದ ಬಳಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಬಸ್ಸಿಗೆ ಇರುವ ಸ್ವಾತಂತ್ರ್ಯ ಎಂಥದೆಂಬುದು ತಿಳಿಯುತ್ತದೆ. ಇಲ್ಲಿಂದ ಹೊರಟ ಒಂದು ಬಸ್ಸು ಪಾಣೆಮಂಗಳೂರಿನ ಸೇತುವೆಯನ್ನು ದಾಟಿ ಪುತ್ತೂರಿನ ಕಡೆಗೆ ಸಾಗುತ್ತದೆ. ಇನ್ನೊಂದು ಬೆಳ್ತಂಗಡಿಯ ಹಾದಿ ಹಿಡಿಯುತ್ತದೆ. ಮತ್ತೊಂದು ಮೂಡಬಿದಿರೆಗೆ ಹೋಗುತ್ತದೆ. ಮುಂದಿನ ಬಸ್ಸು ನಿಂತರೆ ಹಿಂದಿನದು ಅದನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಈ ಸ್ವಾತಂತ್ರ್ಯವಿಲ್ಲದ ಬಸ್ಸೊಂದು ನಮ್ಮ ದೇಶದಲ್ಲಿಯೂ ಓಡುತ್ತಿತ್ತು. ನಮ್ಮ ಜಿಲ್ಲೆಯ ಹಿರಿಯರಲ್ಲಿ ಅದನ್ನು ಕಂಡವರು ಇದ್ದರೆ ಆಶ್ಚರ್ಯವಿಲ್ಲ. ಏಕೆಂದರೆ ಅದು ಓಡಿದ್ದು ಮುಂಬಯಿಯಲ್ಲಿ. ಇಲ್ಲಿಯ ಎಷ್ಟೋ ಮನೆಗಳ ಹುಡುಗರು ಹೋಟೆಲು ಕೆಲಸವನ್ನು ಅರಸಿ ಹೋಗಿ, ಹಗಲು ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಊರಿನಲ್ಲಿ.

ಅದರ ಹೆಸರು ಟ್ರಾಲಿಬಸ್ಸು. ನೋಟಕ್ಕೆ ಅದು ಬಸ್ಸೇ. ಉರುಳುವುದು ರಬ್ಬರಿನ ಚಕ್ರಗಳ ಮೇಲೆ, ಓಡುವುದು ಡಾಮರು ರಸ್ತೆಯಲ್ಲಿ. ಆದರೆ ಅದರ ಒಡಲಿನಲ್ಲಿ ಡೀಸೆಲ್ ಎಂಜಿನ್ನಿನ ಬದಲು ವಿದ್ಯುತ್ ಮೋಟಾರು ಇರುತ್ತದೆ. ರಸ್ತೆಯ ಮೇಲ್ಗಡೆ ಉದ್ದಕ್ಕೂ ಎರಡು ತಂತಿಗಳನ್ನು ಎಳೆದಿರುತ್ತಾರೆ. ಬಸ್ಸಿನ ಮಾಡಿನಿಂದ ಮಿಡತೆಯ ಮೀಸೆಗಳಂತೆ ಮೇಲೆದ್ದ ಎರಡು ಕೋಲುಗಳು ಆ ತಂತಿಗಳನ್ನು ಮುಟ್ಟಿಕೊಂಡೇ ಜಾರುತ್ತವೆ. ಒಂದು ತಂತಿಯಿಂದ ಇಳಿದ ವಿದ್ಯುತ್ತು ಮೋಟಾರನ್ನು ತಿರುಗಿಸಿ ಇನ್ನೊಂದರ ಮೂಲಕ ಹಿಂದಿರುಗುತ್ತದೆ. ಟ್ರಾಮಿಗಾದರೆ ಒಂದೇ ತಂತಿ ಸಾಕು. ಮರಳುವ ವಿದ್ಯುತ್ತಿಗೆ ಕೆಳಗಿನ ಉಕ್ಕಿನ ಹಳಿಯೇ ದಾರಿ. ರಬ್ಬರು ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಟ್ರಾಲಿಬಸ್ಸಿಗೆ ಎರಡನೆಯ ತಂತಿ ಅನಿವಾರ್ಯವಾಯಿತು. ಇಂಥ ವಾಹನವನ್ನು 1882ರಷ್ಟು ಹಿಂದೆಯೇ ವೆರ್ನರ್ ಫಾನ್ ಸೀಮೆನ್ಸ್ ಎಂಬಾತ ಬರ್ಲಿನ್ನಿನ ಬಳಿ ಓಡಿಸಿ ತೋರಿಸಿದ್ದನು.

ಮುಂಬಯಿಯ ಬೆಸ್ಟ್ ಸಂಸ್ಥೆ ತನ್ನ ಟ್ರಾಲಿಬಸ್ಸನ್ನು ಹೊರಡಿಸಿದ್ದು 1962ರ ಜೂನ್ 11ರಂದು, ಗೋವಾಲಿಯ ಟ್ಯಾಂಕಿನಿಂದ ಮಜಗಾಂವ್ ಡಾಕಿಗೆ. ಗೋವಾಲಿಯ ಟ್ಯಾಂಕ್ ಮೈದಾನವೆಂದರೆ 1942ರಲ್ಲಿ ಗಾಂಧೀಜಿಯವರು ಬ್ರಿಟಿಷರಿಗೆ ಭಾರತ ಬಿಟ್ಟು ತೊಲಗಲು ಹೇಳಿದ ಸ್ಥಳ. ಮಜಗಾಂವ್ ಡಾಕ್ ಹಡಗು ಕಟ್ಟುವ ತಾಣ. ಇದ್ದ ಗಾಡಿಗಳು ಹನ್ನೆರಡೇ. ಆ ಊರಿಗೆ ವಿದ್ಯುತ್ತಿನ ಬಂಡಿ ಹೊಸದಾಗಿರಲಿಲ್ಲ. ಕುದುರೆ ಎಳೆಯುವ ಟ್ರಾಮು ಅಲ್ಲಿಗೆ 1874ರಲ್ಲಿ ಬಂದಿತ್ತು, ವಿದ್ಯುತ್ ಟ್ರಾಮು 1907ರಲ್ಲಿ. ಸಹ್ಯಾದ್ರಿಯ ಮಳೆನೀರನ್ನು ಖೋಪೋಲಿಯಲ್ಲಿ ಇಳಿಸಿ ತಯಾರಿಸಿದ ವಿದ್ಯುತ್ತು 1915ರಿಂದ ಆ ನಗರಕ್ಕೆ ಹರಿಯುತ್ತಿತ್ತು. ಹೀಗಿದ್ದೂ ಟ್ರಾಲಿಬಸ್ಸು ಒಂಬತ್ತು ವರ್ಷವನ್ನು ಪೂರೈಸಲಿಲ್ಲ. 1971ರ ಮಾರ್ಚ್ 24ರಂದು ಅದು ಬೀದಿಯಿಂದ ಮರೆಯಾಯಿತು.

ಮೋಟಾರಿನಲ್ಲಿ ಕೊರತೆಯಿತ್ತೆಂದು ತಿಳಿಯಬಾರದು. ನಿಂತಲ್ಲಿಂದ ಹೊರಡುವಾಗ, ಏರನ್ನು ಹತ್ತುವಾಗ ವಿದ್ಯುತ್ ಮೋಟಾರಿಗಿರುವ ಬಲ ಡೀಸೆಲ್ ಎಂಜಿನ್ನಿಗಿಲ್ಲ. ಸದ್ದು ಕಡಿಮೆ, ಬೀದಿಯಲ್ಲಿ ಹೊಗೆಯಿಲ್ಲ. ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಪಡೆದರೆ ಹೊಗೆ ಬೇರೆಡೆ ಏಳುತ್ತದೆಂಬುದು ನಿಜ. ಆದರೂ ಬಸ್ಸಿಗಾಗಿ ಕಾದು ನಿಂತವನ ಮುಖಕ್ಕೆ ಅದು ನೇರವಾಗಿ ಹೊಡೆಯುವುದಿಲ್ಲ.

ಇಂಥ ವಾಹನಕ್ಕೆ ತೊಡಕಾದದ್ದು ತಲೆಯ ಮೇಲಿನ ತಂತಿ. ಟ್ರಾಲಿಬಸ್ಸು ರಸ್ತೆಯ ಎಡಕ್ಕೂ ಬಲಕ್ಕೂ ಕೆಲವು ಮಾರು ಸರಿಯಬಲ್ಲದು, ಅದಕ್ಕಿಂತ ಹೆಚ್ಚಿಲ್ಲ. ಒಂದೇ ಜೋಡಿ ತಂತಿಯ ಕೆಳಗೆ ಮುಂದಿನ ಗಾಡಿ ಕೆಟ್ಟು ನಿಂತರೆ, ಅದರ ಕೋಲುಗಳನ್ನು ಇಳಿಸುವ ತನಕ ಹಿಂದಿನದು ಕಾಯಬೇಕು. ತಿರುವಿನಲ್ಲಿ ಕೋಲು ಜಾರಿತೆಂದರೆ ಸಿಬ್ಬಂದಿ ಕೆಳಗಿಳಿದು ಅದನ್ನು ಮತ್ತೆ ತಂತಿಗೆ ಸೇರಿಸಬೇಕು. ದಾರಿಗಳು ಕೂಡುವಲ್ಲಿ ತಂತಿಗಳ ಬಲೆಯನ್ನೇ ಹೆಣೆಯಬೇಕು. ನಮ್ಮ ಬಿ.ಸಿ.ರೋಡಿನಂಥ ಕೂಡುರಸ್ತೆಯ ಮೇಲೆ ಆ ಬಲೆ ಹೇಗಿರಬಹುದೆಂದು ಊಹಿಸಿ ನೋಡಿರಿ! ಕಂಬ, ತಂತಿ, ಉಪಕೇಂದ್ರಗಳ ವೆಚ್ಚ ನೂರು ಗಾಡಿಗಳ ಮೇಲೆ ಹಂಚಿಹೋದರೆ ಹಗುರ. ಹನ್ನೆರಡರ ಮೇಲೆ ಬಿದ್ದರೆ ಭಾರ. ಅಂದು ಡೀಸೆಲ್ಲೂ ಅಗ್ಗವಾಗಿತ್ತು. ಲೆಕ್ಕಪತ್ರದಲ್ಲಿ ತಂತಿಯ ಖರ್ಚಿಗೆ ಒಂದು ಕಲಮು ಇರುತ್ತದೆ. ದಾರಿಹೋಕನ ಶ್ವಾಸಕೋಶಕ್ಕೆ ಸೇರುವ ಹೊಗೆಗೆ ಅಂಥ ಕಲಮು ಇರುವುದಿಲ್ಲ. ಈ ಲೆಕ್ಕ ಅಪೂರ್ಣವೆಂದೇ ನನ್ನ ಎಣಿಕೆ.

ಇದು ಮುಂಬಯಿಯೊಂದರ ಕಥೆಯಲ್ಲ. ಒಂದು ಕಾಲಕ್ಕೆ ಸುಮಾರು 1,800 ಟ್ರಾಲಿಬಸ್ಸುಗಳನ್ನು ಹೊಂದಿದ್ದ ಲಂಡನ್ ಕೊನೆಯದನ್ನು ನಿಲ್ಲಿಸಿದ್ದು 1962ರ ಮೇ 8ರಂದು. ಅಲ್ಲಿ ಬೀಳ್ಕೊಟ್ಟ 34 ದಿನಗಳಿಗೆ ಇಲ್ಲಿ ಸ್ವಾಗತ ನಡೆಯಿತು! ಇನ್ನೊಂದು ವಿಪರ್ಯಾಸವೂ ಉಂಟು. ಮುಂಬಯಿ ತನ್ನ ತಂತಿಯನ್ನು ಕೈಬಿಟ್ಟ ಮೂರು ವರ್ಷಗಳೊಳಗೆ, 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೆ, ಜಗತ್ತಿನ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಅಷ್ಟರಲ್ಲಿ ಹಿಂದಿರುಗುವ ದಾರಿ ಉಳಿದಿರಲಿಲ್ಲ.

ಈಗ ವಿದ್ಯುತ್ ಬಸ್ಸು ಬೇರೊಂದು ರೂಪದಲ್ಲಿ ಮರಳಿದೆ. ಬೆಂಗಳೂರಿನಲ್ಲಿ 2014ರಲ್ಲಿ ಬ್ಯಾಟರಿ ಬಸ್ಸಿನ ಪರೀಕ್ಷಾರ್ಥ ಓಡಾಟ ನಡೆಯಿತು. ಮುಂಬಯಿಯಲ್ಲಿ 1937ರಿಂದ ಓಡಿದ್ದ ಹಳೆಯ ಬಗೆಯ ಡಬಲ್ ಡೆಕ್ಕರುಗಳು 2023ರಲ್ಲಿ ನಿವೃತ್ತಿಯಾದವು. ಅದೇ ವರ್ಷ ಬ್ಯಾಟರಿಯ ಡಬಲ್ ಡೆಕ್ಕರುಗಳು ಬೀದಿಗಿಳಿದವು. ಈ ಬಸ್ಸಿಗೆ ತಂತಿಯ ಕಟ್ಟಿಲ್ಲ. ಆದರೆ ಭಾರವಾದ ಬ್ಯಾಟರಿಯನ್ನು ಹೊತ್ತು ತಿರುಗಬೇಕು, ಶಕ್ತಿ ತುಂಬಿಸಿಕೊಳ್ಳಲು ಕಾಯಬೇಕು. ಸ್ವಿಟ್ಜರ್ಲೆಂಡಿನ ಝೂರಿಕ್ ಮುಂತಾದ ನಗರಗಳು ಟ್ರಾಲಿಬಸ್ಸನ್ನು ಬಿಟ್ಟುಕೊಟ್ಟಿಲ್ಲ. ಅಂಥ ಕೆಲವೆಡೆ ಬಸ್ಸು ತಂತಿಯ ಕೆಳಗೆ ಓಡುತ್ತಲೇ ಒಂದು ಸಣ್ಣ ಬ್ಯಾಟರಿಯನ್ನು ತುಂಬಿಸಿಕೊಳ್ಳುತ್ತದೆ. ಕವಲುದಾರಿ ಬಂದಾಗ ಕೋಲುಗಳನ್ನು ಮಡಚಿಕೊಂಡು, ತಂತಿಯಿಲ್ಲದ ಬೀದಿಗೆ ತಿರುಗುತ್ತದೆ.